20 ವರ್ಷ ಕುಡಿದ ಅಪ್ಪ ಒಂದೇ ರಾತ್ರಿಗೆ ಬಿಟ್ಟರು. ಇದು ಹೇಗೆ ಸಾಧ್ಯ?

ಎಡದಂಡೆ ಸಿಂಧನೂರು

ಎಲ್ಲರಿಗೂ ನಮಸ್ಕಾರ. ತುಂಬಾ ವರ್ಷದಿಂದ ತಲೆಯಲ್ಲೇ ಉಳಿದಿರುವ ಪ್ರಶ್ನೆ. ಮನೆಯಲ್ಲಿ ಬಾಯಿ ಬಿಟ್ಟು ಕೇಳಲು ಆಗಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಕಾಲುವೆ ನೀರು, 4 ಎಕರೆ ಭತ್ತ. ಅಪ್ಪ 20 ವರ್ಷ ಕುಡಿದರು. ಮೊದಲು ಸಾರಾಯಿ ಪಾಕೀಟು. 2007ರಲ್ಲಿ ಸರ್ಕಾರ ಸಾರಾಯಿ ಬಂದ್ ಮಾಡಿದಾಗ ಅಮ್ಮ ಊರಮ್ಮನಿಗೆ ಉಡಿ ತುಂಬಿ ಬಂದಳು. ಒಂದೇ ವಾರದಲ್ಲಿ ಅಪ್ಪ ಕ್ವಾರ್ಟರ್ ಬಾಟಲಿಗೆ ಹೊಂದಿಕೊಂಡರು. ಖರ್ಚು ಮಾತ್ರ ಜಾಸ್ತಿ ಆಯಿತು. ಹುಲಿಗಿಯಲ್ಲಿ ಹುಲಿಗೆಮ್ಮ ದೇವಿಯ ಮುಂದೆ ಆಣೆ ಮಾಡಿದ್ದಾರೆ. ಮಂತ್ರಾಲಯದಲ್ಲಿ ಹೊಳೆಯಲ್ಲಿ ನಿಂತು ಆಣೆ ಮಾಡಿದ್ದಾರೆ. ನನ್ನ ತಲೆ ಮುಟ್ಟಿಯೂ ಮಾಡಿದ್ದಾರೆ. ಯಾರೋ ಹೇಳಿದರು ಅಂತ ನಾಟಿ ಔಷಧಿಯನ್ನೂ ಕುಡಿಸಿದೆವು. ಯಾವುದೂ 15 ದಿನ ದಾಟಲಿಲ್ಲ.

2012, ಸುಗ್ಗಿ ಮುಗಿದ ಮೇಲಿನ ಒಂದು ರಾತ್ರಿ. ಕರೆಂಟ್ ಹೋಗಿತ್ತು. ತಂಗಿಗೆ ಆಗ 7 ವರ್ಷ, ಚಿಮಣಿ ಬೆಳಕಲ್ಲಿ ಊಟಕ್ಕೆ ಕೂತಿದ್ದಳು. ಹೊರಗೆ ಅಪ್ಪನ ಚಪ್ಪಲಿ ಸಪ್ಪಳ ಕೇಳಿತು. ತಕ್ಷಣ ಅವಳು ತನ್ನ ತಾಟನ್ನು ಮಂಚದ ಕೆಳಗೆ ತಳ್ಳಿದಳು. ಸ್ಟೀಲ್ ತಾಟು, ಬಂಡೆ ಹಾಸಿದ ನೆಲ. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಅಪ್ಪ ಒಳಗೆ ಬಂದು, "ಯಾಕವ್ವ, ತಾಟು ಯಾಕ ಮುಚ್ಚಿಟ್ಟಿ?" ಅಂದರು.

"ನೀ ಒದೀತಿಯಲ್ಲ, ಅದಕ್ಕ" ಅಂದಳು.

ಅಳುತ್ತಾ ಹೇಳಲಿಲ್ಲ. ಮೋಡ ಆಗಿದೆ, ಬಟ್ಟೆ ಒಳಗೆ ತರಬೇಕು ಅನ್ನುವಷ್ಟು ಸಹಜವಾಗಿ ಹೇಳಿದಳು. ಅಪ್ಪ ಹಾಗೇ ಹೊಸ್ತಿಲಲ್ಲಿ ಕೂತರು. ಮಾತಿಲ್ಲ. ಅಮ್ಮ ಎರಡು ಸಲ ಊಟಕ್ಕೆ ಕರೆದಳು, ಏಳಲಿಲ್ಲ. ಬೆಳಗ್ಗೆ ನಾನು ಎದ್ದಾಗಲೂ ಅಲ್ಲೇ ಇದ್ದರು. ಆಮೇಲೆ ನಾಲ್ಕು ದಿನ ಮೈಯೆಲ್ಲ ನಡುಗಿತು, ಬೆವರು, ನಿದ್ದೆ ಇಲ್ಲ. ಐದನೇ ದಿನ ಗಂಜಿ ಕುಡಿದು ಹೊಲಕ್ಕೆ ಹೋದರು. ಅಲ್ಲಿಂದ ಇಲ್ಲಿಗೆ 13 ವರ್ಷ. ಒಂದು ಹನಿ ಇಲ್ಲ. ಬರೀ ಕುಡಿತ ಅಲ್ಲ, ಮನುಷ್ಯನೇ ಬೇರೆ. ಸಿಟ್ಟು ಹೋಯಿತು. ಅಮ್ಮನ ಕೂಡ ಕೂತು ಕಾಯಿಪಲ್ಲೆ ಸೋಸುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ತಂಗಿ ಅದಕ್ಕಿಂತ ಮುಂಚೆಯೂ ಎಷ್ಟೋ ಸಲ ತಾಟು ಮುಚ್ಚಿಟ್ಟಿದ್ದಳು. ದೇವರ ಮುಂದಿನ ಆಣೆಗೆ ಆಗದ್ದು ಆ ಒಂದು ಮಾತಿಗೆ ಹೇಗೆ ಆಯಿತು? ಅದು ಮನಸ್ಸಿನ ಕೆಲಸವಾ, ದೇವರ ಕೆಲಸವಾ?

ಬಳ್ಳಾರಿ ಸಮಾಲೋಚಕಿ

ತಮ್ಮಾ, ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ವ್ಯಸನ ಬಿಡಿಸುವ ಕೆಲಸದಲ್ಲಿ ಬಳ್ಳಾರಿಯಲ್ಲಿ 14 ವರ್ಷದಿಂದ ಇದ್ದೇನೆ.

ಮೊದಲು ಒಂದು ಎಚ್ಚರಿಕೆ, ಇದನ್ನು ಓದುವ ಬೇರೆಯವರಿಗೆ. ಬಹಳ ವರ್ಷ ದಿನಾ ಕುಡಿದವರು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಪ್ರಾಣವೇ ಹೋಗಬಹುದು. ನಿಮ್ಮ ತಂದೆ ಆ ನಾಲ್ಕು ದಿನ ದಾಟಿದ್ದು ಪುಣ್ಯ. ನಿಲ್ಲಿಸಬೇಕು ಅನಿಸಿದ ದಿನವೇ ಡಾಕ್ಟರ್ ಹತ್ತಿರ ಹೋಗಿ. ಔಷಧಿ ಇದೆ. ಫೋನಲ್ಲಿ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈಗ ನಿಮ್ಮ ಪ್ರಶ್ನೆ. ಅಮೆರಿಕದ ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು ಇಂಥದ್ದನ್ನೇ ಹುಡುಕಿ ಹೊರಟರು. ಅವರೂ ಕುಡಿತದ ಚಿಕಿತ್ಸೆಯಲ್ಲಿ ಹೆಸರು ಮಾಡಿದವರು. ಜೊತೆಗೆ ಜಾನೆಟ್ ಸಿಡೆಬಾಕಾ. ಒಮ್ಮಿಂದೊಮ್ಮೆಲೆ ಬದಲಾಗಿ ಹಾಗೇ ಉಳಿದ 55 ಜನರನ್ನು ಕೂರಿಸಿಕೊಂಡು ಕಥೆ ಕೇಳಿದರು. ಅದು ಪುಸ್ತಕವಾಗಿ ಬಂದದ್ದು 2001ರಲ್ಲಿ. ಸುಮಾರು 10 ವರ್ಷದ ಮೇಲೆ ಅವರಲ್ಲಿ 30 ಜನರನ್ನು ಮತ್ತೆ ಮಾತಾಡಿಸಿದರು. ಬದಲಾವಣೆ ಉಳಿದಿತ್ತು.

ಅವರು ಎರಡು ಬಗೆ ಕಂಡರು. ಒಂದು, ಒಳಗೆ ಏನೋ ತಟ್ಟನೆ ಅರ್ಥವಾಗುವುದು. "ಹೌದಲ್ಲ, ಇದೇ ನಿಜ" ಅಂತ. ಇನ್ನೊಂದು, ತನಗಿಂತ ದೊಡ್ಡದೊಂದು ಬಂದು ಮುಟ್ಟಿದ ಹಾಗೆ ಆಗುವುದು. ಎರಡರಲ್ಲೂ ಒಂದು ಮಾತು ಸಮ. ಅವರ್ಯಾರೂ "ನಾನು ಗಟ್ಟಿ ಮನಸ್ಸು ಮಾಡಿ ಸಾಧಿಸಿದೆ" ಅನ್ನಲಿಲ್ಲ. ತಮಗೆ ಅದು ಆಯಿತು, ಬಂತು, ಸಿಕ್ಕಿತು ಅಂದರು. ಗಂಡಸರಿಗೆ ಮೊದಲು ದುಡ್ಡು, ಸಾಹಸ, ಗೆಲುವು, ಸುಖ, ಮರ್ಯಾದೆ ದೊಡ್ಡದಾಗಿತ್ತು. ಆಮೇಲೆ ಆ ಪಟ್ಟಿಯೇ ಮಗುಚಿ ಬಿತ್ತು. ದೇವರು, ನೆಮ್ಮದಿ, ಸಂಸಾರ, ಪ್ರಾಮಾಣಿಕತೆ ಮೇಲೆ ಬಂದವು. ನಿಮ್ಮ ತಂದೆ ಕಾಯಿಪಲ್ಲೆ ಸೋಸುತ್ತಾರೆ ಅಂದಿರಲ್ಲ, ನಾನು ಅಲ್ಲೇ ನಿಂತೆ. ಬಾಟಲಿ ಬಿಟ್ಟರೂ ಸಿಟ್ಟು ಬಿಡದವರನ್ನು ಬಹಳ ನೋಡಿದ್ದೇನೆ.

ಇದಕ್ಕೂ ಮುಂಚೆ, 1902ರಲ್ಲಿ, ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಇದರ ಬಗ್ಗೆ ಬರೆದಿದ್ದರು. ನಮಗೆ ಗೊತ್ತಾಗದ ಹಾಗೆ ಮನಸ್ಸಿನ ತಳದಲ್ಲಿ ವಿಚಾರಗಳು ವರ್ಷಗಟ್ಟಲೆ ಕೂಡಿಕೊಳ್ಳುತ್ತವೆ, ಮೇಲಕ್ಕೆ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ಅನಿಸುತ್ತದೆ ಅನ್ನುವುದು ಅವರ ವಿವರಣೆ. ಹಾಗಂತ ದೇವರಿಲ್ಲ ಅಂತ ಅವರು ಹೇಳಲಿಲ್ಲ. ದೇವರು ಬರುವುದಾದರೆ ಆ ತಳದ ಬಾಗಿಲಿಂದಲೇ ಬರಬಹುದಲ್ಲ ಅಂದರು. ನಿಮ್ಮ ಕೊನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಒಂದು ಕೇಳಲಾ? ಆ ರಾತ್ರಿಗೆ ಮುಂಚೆ, ಎರಡು ಮೂರು ತಿಂಗಳಲ್ಲಿ, ಏನಾಗಿತ್ತು? ತಂದೆಯನ್ನು ಯಾವತ್ತಾದರೂ ಕೇಳಿದ್ದೀರಾ?

ಮುನಿರಾಬಾದ್

ನನಗೆ ಓದು ಅಷ್ಟಕ್ಕಷ್ಟೇ. ಆದರೆ ಮೇಡಂ ಹೇಳಿದ್ದು ನನಗೆ ನಮ್ಮ ತುಂಗಭದ್ರಾ ಡ್ಯಾಂ ನೋಡಿ ಅರ್ಥವಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿ ಹೋಯಿತು. ಬೆಳಗಾದ ಮೇಲೆ ಎಲ್ಲರೂ ದಿಢೀರ್ ಅಂದರು. ಆ ಚೈನು ಎಷ್ಟೋ ದಶಕ ನೀರು ತಿಂದಿತ್ತು, ತುಕ್ಕು ತಿಂದಿತ್ತು. ಅಪ್ಪನ ಚೈನ್ ಕೂಡ ಎಲ್ಲೋ ಸವೆದಿತ್ತು ಅನಿಸುತ್ತದೆ. ಹುಡುಗಿಯ ಮಾತು ಕೊನೆಯ ಭಾರ.

ಗಂಗಾವತಿ ಅಕ್ಕ

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಆದರೆ ನನಗೂ ಒಂದು ಹೇಳುವುದಿದೆ. ನಮ್ಮ ಯಜಮಾನರೂ ಒಂದೇ ದಿನದಲ್ಲಿ ಬದಲಾದರು. ಅಕ್ಕಿ ವ್ಯಾಪಾರದಲ್ಲಿ ಪೆಟ್ಟು ಬಿದ್ದಿತ್ತು. ಯಾರೋ ಸ್ನೇಹಿತರು ಒಂದು ಸತ್ಸಂಗಕ್ಕೆ ಕರೆದುಕೊಂಡು ಹೋದರು. ಮೂರನೇ ದಿನ ವಾಪಸ್ ಬಂದಾಗ ಮುಖದಲ್ಲಿ ಬೇರೆ ಕಳೆ ಇತ್ತು. ನಾನೂ ಖುಷಿಪಟ್ಟೆ. ಆಮೇಲೆ ಅಂಗಡಿ ಬೇಡ ಅಂದರು. ಸಾಲ ಮಾಯೆ ಅಂದರು. ಮಕ್ಕಳ ಫೀಸು ಕೇಳಿದರೆ ಕಣ್ಣು ಮುಚ್ಚಿ ನಗುತ್ತಿದ್ದರು. ಒಂದು ಬೆಳಗ್ಗೆ ಹೊರಟೇ ಹೋದರು. 6 ವರ್ಷ ಆಯಿತು. ಬದಲಾವಣೆ ಏನೋ ಉಳಿದಿದೆ, ಅದು ಸುಳ್ಳಲ್ಲ. ಅವರಿಗೆ ಶಾಂತಿ ಸಿಕ್ಕಿದೆಯಂತೆ. ಸಾಲಗಾರರು ನನ್ನ ಬಾಗಿಲಿಗೆ ಬಂದರು. ನಾನು ರೊಟ್ಟಿ ಬಡಿದು ಮೆಸ್‌ಗಳಿಗೆ ಕೊಟ್ಟು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದೇನೆ.

ಅದಕ್ಕೇ ಯಾರಾದರೂ "ಒಂದೇ ಕ್ಷಣದಲ್ಲಿ ಬದಲಾದರು" ಅಂದರೆ ನಾನು ಮೊದಲು ಅವರ ಹೆಂಡತಿ ಮಕ್ಕಳು ಹೇಗಿದ್ದಾರೆ ಅಂತ ಕೇಳುತ್ತೇನೆ.

ಬಳ್ಳಾರಿ ಸಮಾಲೋಚಕಿ

ಅಕ್ಕಾ, ನೀವು ಕೇಳುವ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಜೇಮ್ಸ್ ಕೂಡ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಅನುಭವ ಎಲ್ಲಿಂದ ಬಂತು ಅನ್ನುವುದರಿಂದ ಅದರ ಬೆಲೆ ಕಟ್ಟಬೇಡಿ, ಬದುಕಿನಲ್ಲಿ ಏನು ಫಲ ಕೊಟ್ಟಿತು ನೋಡಿ ಅನ್ನುತ್ತಾರೆ. ಪೆಟ್ಟು ತಿಂದ ಮನಸ್ಸು ಮೆತ್ತಗೆ ಇರುತ್ತದೆ. ಆಗ ಯಾರ ಕೈಗೆ ಸಿಕ್ಕರೆ ಅವರ ಆಕಾರ ತಾಳುತ್ತದೆ. ನಿಮ್ಮ ಯಜಮಾನರಿಗೆ ಆದದ್ದನ್ನು ನಾನು ದೂರದಿಂದ ತೀರ್ಮಾನ ಮಾಡಲಾರೆ. ನಿಮಗೆ ಆದದ್ದು ಅನ್ಯಾಯ, ಅದನ್ನು ಹೇಳಲು ನನಗೆ ಅನುಮಾನ ಇಲ್ಲ.

ಮಸ್ಕಿ ಮೇಷ್ಟ್ರು

ಈ ಮಾತುಕತೆಗೆ ನಮ್ಮೂರ ಬಂಡೆಯೊಂದು ಉತ್ತರ ಹೇಳುತ್ತದೆ. ಹೇಳದೆ ಇರಲು ಆಗುತ್ತಿಲ್ಲ.

ಅಶೋಕನ ಕಥೆಯನ್ನು ನಾವು ಶಾಲೆಯಲ್ಲಿ ಹೇಗೆ ಹೇಳುತ್ತೇವೆ? ಕಳಿಂಗ ಯುದ್ಧ ಆಯಿತು, ಹೆಣ ನೋಡಿದ, ಕತ್ತಿ ಬಿಸಾಕಿದ, ಬುದ್ಧನ ಕಡೆ ತಿರುಗಿದ. ನಾನೂ 22 ವರ್ಷ ಹಾಗೇ ಪಾಠ ಮಾಡಿದೆ. ಯುದ್ಧ ಆದದ್ದು ಪಟ್ಟಕ್ಕೆ ಬಂದ 8 ವರ್ಷದ ಮೇಲೆ. 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದರು ಅಂತ ಅವನೇ ತನ್ನ ಶಾಸನದಲ್ಲಿ ಬರೆಸಿದ್ದಾನೆ, ಪಶ್ಚಾತ್ತಾಪವನ್ನೂ ಬರೆಸಿದ್ದಾನೆ. ಅದು ನಿಜ.

ಆದರೆ ಮಸ್ಕಿಗೆ ಬನ್ನಿ. 1915ರಲ್ಲಿ ಚಿನ್ನ ಹುಡುಕಲು ಬಂದಿದ್ದ ಬೀಡನ್ ಅನ್ನುವ ಇಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ ಅದು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಅನ್ನುವ ಬಿರುದು ಮಾತ್ರ ಇತ್ತು. ಆ ರಾಜನೇ ಅಶೋಕ ಅಂತ ಹೆಸರು ಹಿಡಿದು ಹೇಳಿ ಅನುಮಾನ ಬಗೆಹರಿಸಿದ್ದು ನಮ್ಮ ಬಂಡೆ. ಅದರಲ್ಲಿ ಅವನು ಹೇಳುವುದು ಇಷ್ಟು: ನಾನು ಬುದ್ಧನನ್ನು ನಂಬಿ ಎರಡೂವರೆ ವರ್ಷ ದಾಟಿತು. ಸಂಘದ ಹತ್ತಿರ ಹೋಗಿ ಮನಸ್ಸಿಟ್ಟು ಶ್ರಮಪಡಲು ಶುರು ಮಾಡಿ ವರ್ಷದ ಮೇಲಾಯಿತು. ಇದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅಲ್ಲಿ ಇನ್ನೂ ಬಿಚ್ಚಿ ಹೇಳುತ್ತಾನೆ. ಮೊದಲ ಒಂದು ವರ್ಷ ನಾನು ಅಷ್ಟೇನೂ ಶ್ರಮಪಡಲಿಲ್ಲ ಅಂತ.

ನೋಡಿ, ಚಕ್ರವರ್ತಿ. ಯಾರೂ ಕೇಳುವವರಿಲ್ಲ. ಒಂದೇ ದಿನದಲ್ಲಿ ಬದಲಾದೆ ಅಂತ ಕೆತ್ತಿಸಿದ್ದರೆ ನಾವು ನಂಬುತ್ತಿದ್ದೆವು. ಮನಸ್ಸು ತಿರುಗಿದ ಮೇಲೂ ಒಂದು ವರ್ಷ ಸಡಿಲವಾಗಿದ್ದೆ ಅಂತ ಕಲ್ಲಿನಲ್ಲಿ ಬರೆಸಿದ. ಜನರ ಹತ್ತಿರ ಹೋಗಿ ಸೇರಿದ ಮೇಲೆ ಗಟ್ಟಿಯಾದೆ ಅಂದ.

ಮುಂದಿನ ಸಾಲು ನನಗೆ ಬಹಳ ಇಷ್ಟ. ಇದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಸಿಗುತ್ತದೆ ಅನ್ನುತ್ತಾನೆ. ಆ ಮಾತನ್ನು ನಮ್ಮ ಈ ಬಿಸಿಲು ಸೀಮೆಯ ತುಂಬಾ ಬರೆಸಿದ್ದಾನೆ. ಮಸ್ಕಿ, ಕೊಪ್ಪಳದ ಗವಿಮಠ, ಅಲ್ಲೇ ಪಕ್ಕದ ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳ. ಜಾತ್ರೆಗೆ ಗವಿಮಠಕ್ಕೆ ಲಕ್ಷಗಟ್ಟಲೆ ಜನ ಹೋಗುತ್ತೇವೆ, ದಾಸೋಹದಲ್ಲಿ ಉಂಡು ಬರುತ್ತೇವೆ. ಅದೇ ಗುಡ್ಡದ ಕಲ್ಲಿನ ಮೇಲೆ ಈ ಮಾತಿದೆ. ಈ ಸಲ ಹೋದರೆ ಒಂದು ಗಳಿಗೆ ನಿಂತು ನೋಡಿ.

ಸಿಂಧನೂರಿನ ತಮ್ಮಾ, ನಿಮ್ಮಪ್ಪ ಆ ರಾತ್ರಿಯ ನಂತರದ ಮೊದಲ ವರ್ಷ ಹೇಗೆ ಕಳೆದರು? ನನಗೆ ರಾತ್ರಿಗಿಂತ ಅದು ತಿಳಿಯಬೇಕು.

ಸಿರುಗುಪ್ಪದಿಂದ

ನನಗೆ 29. ನಾಲ್ಕು ಸಲ ಬಿಟ್ಟೆ, ನಾಲ್ಕು ಸಲವೂ ಹಿಡಿದೆ. ಇದನ್ನೆಲ್ಲ ಓದಿದರೆ ಅಂಥ ಒಂದು ರಾತ್ರಿ ನನಗೆ ಬಂದಿಲ್ಲ ಅನಿಸುತ್ತದೆ. ಬರುವವರೆಗೂ ಕಾಯಬೇಕಾ?

ಬಳ್ಳಾರಿ ಸಮಾಲೋಚಕಿ

ಬೇಡ ಪುಟ್ಟಾ, ಕಾಯಬೇಡ. ಒಮ್ಮೆಗೇ ಬದಲಾಗುವವರು ಕಡಿಮೆ. ನಾನು ನೋಡಿದ ಹೆಚ್ಚಿನವರು ಬಿದ್ದು ಎದ್ದು, ಮತ್ತೆ ಬಿದ್ದು, ನಿಂತವರು. ಮಿಲ್ಲರ್ ದಿಢೀರ್ ಬದಲಾವಣೆ ಹುಡುಕಿದರು ಅಂದೆನಲ್ಲ, ಅವರೇ 1983ರಿಂದ ಕಟ್ಟಿದ ಚಿಕಿತ್ಸೆಯ ಪದ್ಧತಿ ಪೂರ್ತಿ ಸಾವಧಾನದ್ದು. ಬೈಯುವುದಿಲ್ಲ, ಉಪದೇಶ ಇಲ್ಲ. ಬಿಡಬೇಕು ಅನ್ನುವ ಮನಸ್ಸು, ಬಿಡಲಾರೆ ಅನ್ನುವ ಮನಸ್ಸು, ಎರಡನ್ನೂ ಕೂರಿಸಿ ಮಾತಾಡಿಸುತ್ತಾರೆ. ಯಾಕೆ ಬಿಡಬೇಕು ಅನ್ನುವುದು ನಿನ್ನ ಬಾಯಿಂದಲೇ ಬರುವ ಹಾಗೆ ಕೇಳುತ್ತಾರೆ. ನಾವೂ ಅದನ್ನೇ ಮಾಡುವುದು.

ನಾಲ್ಕು ಸಲ ಬಿಟ್ಟಿದ್ದೀಯ ಅಂದರೆ ನಾಲ್ಕು ಸಲ ಬಿಡಲು ಗೊತ್ತಾಗಿದೆ. ಅದು ವ್ಯರ್ಥ ಅಲ್ಲ. ಮೇಲಿನ ನಂಬರಿಗೆ ಒಂದು ಕರೆ ಮಾಡು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಎಲ್ಲಿದೆ ಅಂತಲೂ ಅವರೇ ಹೇಳುತ್ತಾರೆ.

ಮಾನ್ವಿ ದಾಸಪ್ರಿಯ

ಮೇಷ್ಟ್ರ ಬಂಡೆಯ ಮಾತು ಓದಿ ನಮ್ಮ ಬ್ಯಾಗವಾಟದ ಕಥೆ ನೆನಪಾಯಿತು. ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಶ್ರೀನಿವಾಸಾಚಾರ್ಯರು ಅಂತ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರು ಅಂದರೆ ತಾತ್ಸಾರ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ, ತಡವಾಗಿ ಉಂಡರೆ ಹೊಟ್ಟೆ ನೋಯುತ್ತದೆ ಅಂತ ನೆಪ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ನಿಜವಾಗಿಯೂ ಹೊಟ್ಟೆನೋವು ಹಿಡಿಯಿತು, ಯಾವ ಮದ್ದಿಗೂ ಬಗ್ಗಲಿಲ್ಲ. ಮಂತ್ರಾಲಯದಲ್ಲಿ ಸೇವೆಗೆ ಕೂತರೆ, ಯಾರನ್ನು ಬೇಡ ಅಂದಿದ್ದೆಯೋ ಅವರ ಹತ್ತಿರವೇ ಹೋಗು ಅಂತ ಸೂಚನೆ ಆಯಿತು. ಹೋಗಿ ಕಾಲಿಗೆ ಬಿದ್ದರು. ವಿಜಯದಾಸರು ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ತೆಗೆದು ಕೊಟ್ಟರು ಅನ್ನುವುದು ಪರಂಪರೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾದರು.

ನನ್ನ ಮನಸ್ಸಿಗೆ ತಟ್ಟುವುದು ಪವಾಡಕ್ಕಿಂತ ಆ ಹೆಸರು. ಪಂಢರಪುರದಲ್ಲಿ ಚಂದ್ರಭಾಗೆಯಲ್ಲಿ ಮುಳುಗಿ ಎದ್ದಾಗ "ಜಗನ್ನಾಥ ವಿಠಲ" ಅನ್ನುವ ಅಂಕಿತ ಸಿಕ್ಕಿತು. ಅವತ್ತಿಂದ ಪ್ರತಿ ಹಾಡಿನ ಕೊನೆಗೆ ಅದೇ. ಅಂಕಿತ ಅಂದರೆ ಹಳೇ ಮನುಷ್ಯನ ಮನೆಗೆ ಮತ್ತೆ ಹೋಗದ ಹಾಗೆ ಹಾಕಿಕೊಂಡ ಬೀಗ. ದಿನಾ ಹಾಡಬೇಕು, ದಿನಾ ಅದೇ ಹೆಸರು ಹೇಳಬೇಕು. ಕಲಿತ ಸಂಸ್ಕೃತವೂ ದಂಡ ಆಗಲಿಲ್ಲ. ಅದೆಲ್ಲ ಕರಗಿ ಭಾಮಿನಿ ಷಟ್ಪದಿಯ ಕನ್ನಡವಾಗಿ ಹರಿಯಿತು.

ಗಂಗಾವತಿ ಅಕ್ಕನವರೇ, ನಿಮ್ಮ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ಆಚಾರ್ಯರು ಮೊದಲು ಮಾಡಿದ ಕೆಲಸ ಯಾರಿಗೆ ನೋವು ಮಾಡಿದ್ದರೋ ಅವರ ಬಾಗಿಲಿಗೆ ಹೋಗಿದ್ದು.

ಗಂಗಾವತಿ ಅಕ್ಕ

ಇಷ್ಟು ಸಾಕು ನನಗೆ. ಧನ್ಯವಾದ ಅಣ್ಣಾ.

ಎಡದಂಡೆ ಸಿಂಧನೂರು

ಎಲ್ಲರೂ ಕ್ಷಮಿಸಿ, ಐದು ದಿನ ಬರೆಯಲಿಲ್ಲ. ಮೇಡಂ ಮತ್ತು ಮೇಷ್ಟ್ರು ಕೇಳಿದ ಮೇಲೆ ಊರಿಗೆ ಹೋಗಿ ಅಪ್ಪನನ್ನೇ ಕೇಳಿದೆ. 13 ವರ್ಷದಲ್ಲಿ ಮೊದಲ ಸಲ. ಗದ್ದೆಗೆ ನೀರು ಬಿಡಲು ರಾತ್ರಿ ಇಬ್ಬರೇ ಹೋಗಿದ್ದೆವು. ಬದುವಿನ ಮೇಲೆ ಕೂತು ನಿಧಾನಕ್ಕೆ ಹೇಳಿದರು.

ಆ ರಾತ್ರಿಗೆ ಎರಡು ತಿಂಗಳ ಹಿಂದೆ ಅವರ ಜೊತೆಗಾರ ಒಬ್ಬ ತೀರಿಕೊಂಡಿದ್ದ. ಸಾವು ನನಗೆ ಗೊತ್ತಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಕೊನೆಯ ಎರಡು ರಾತ್ರಿ ಹತ್ತಿರ ಕೂತದ್ದು ಅಪ್ಪನೇ ಅಂತ ಗೊತ್ತಿರಲಿಲ್ಲ. ಹೊಟ್ಟೆ ಉಬ್ಬಿತ್ತಂತೆ, ಕಣ್ಣು ಹಳದಿ. ಅಪ್ಪನ ಗುರುತು ಸಿಗದೆ, "ನಮ್ಮ ಹುಡುಗಿಗೆ ಉಣ್ಣಾಕ ಕೊಟ್ಟೀರೇನು?" ಅಂತ ಕೇಳುತ್ತಲೇ ಇದ್ದನಂತೆ. ಆ ಸಾವಿನ ಮಣ್ಣು ಮುಗಿಸಿ ಬಂದ ದಿನವೂ ಅಪ್ಪ ಕುಡಿದರು. ಅವತ್ತಿಂದ ಅಂತೂ ಇನ್ನೂ ಜಾಸ್ತಿ ಕುಡಿದರು. "ಕುಡದ್ರೂ ಏರಲಿಲ್ಲ ಮಗಾ. ದಣದಿದ್ದೆ" ಅಂದರು.

ತಾಟಿನ ಮಾತು ಕೇಳಿದಾಗ ಏನನಿಸಿತು ಅಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಆಣೆ ಮಾಡಿದಾಗೆಲ್ಲ ನಾ ಬಿಡಾಕ ಹೋಗಿದ್ದೆ. ಅವತ್ತು ನಾ ಬಿಡ್ಲಿಲ್ಲ. ಅದ ಬಿಟ್ಟು ಹೋತು." ದೇವರು ಅನಿಸಿತಾ ಅಂತ ಕೇಳಿದೆ. "ಹುಡುಗಿ ದನಿಯಾಗ ಯಾರು ಮಾತಾಡಿದ್ರೋ ನನಗೇನು ಗೊತ್ತು" ಅಂದು ಮೇಲೆ ನೋಡಿದರು.

ಮೇಷ್ಟ್ರೇ, ಮೊದಲ ವರ್ಷದ್ದೂ ಕೇಳಿದೆ. ಹೊಲಕ್ಕೆ ಹೋಗುವ ನೇರ ದಾರಿಯಲ್ಲಿ, ಬಸ್ ನಿಲ್ದಾಣದ ಹತ್ತಿರ, ಅಂಗಡಿ ಇದೆ. ಒಂದೂವರೆ ವರ್ಷ ಅವರು ಆ ದಾರಿ ಹಿಡಿಯಲಿಲ್ಲ. ಕಾಲುವೆ ಏರಿಯ ಮೇಲೆ ಸುತ್ತು ಹಾಕಿ ಹೋಗುತ್ತಿದ್ದರು, 2 ಕಿಲೋಮೀಟರ್ ಜಾಸ್ತಿ. ನಾವೆಲ್ಲ ಕಾಲುವೆ ನೀರು ನೋಡಲು ಹೋಗುತ್ತಾರೆ ಅಂದುಕೊಂಡಿದ್ದೆವು. ಸಂಜೆ 6 ಗಂಟೆಗೆ ಮೈ ನಡುಗುತ್ತಿತ್ತಂತೆ. ಆಗೆಲ್ಲ ಎತ್ತಿನ ಮೈ ತಿಕ್ಕುತ್ತಿದ್ದರು. ಅದು ನನಗೆ ನೆನಪಿದೆ. ನಮ್ಮ ಎತ್ತುಗಳು ಆ ವರ್ಷ ಊರಲ್ಲೇ ಎಲ್ಲರಿಗಿಂತ ಸ್ವಚ್ಛ ಇದ್ದವು. ಜನ ಹೊಗಳುತ್ತಿದ್ದರು.

ಇನ್ನೊಂದು. ಆ ತೀರಿಕೊಂಡವರ ಮನೆಗೆ ಪ್ರತಿ ಸುಗ್ಗಿಗೆ ಒಂದು ಚೀಲ ಅಕ್ಕಿ ಹೋಗುತ್ತದೆ. ಹಳೇ ಸಾಲ ಇರಬೇಕು ಅಂತ ನಾನು ತಿಳಿದಿದ್ದೆ.

ತಂಗಿ ಈಗ ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆ ರಾತ್ರಿ ಅವಳಿಗೆ ನೆನಪೇ ಇಲ್ಲ. ನಾವೂ ಹೇಳಿಲ್ಲ. ಸಿರುಗುಪ್ಪದ ತಮ್ಮಾ, ನಿಮ್ಮ ಬಗ್ಗೆ ಅಪ್ಪನಿಗೆ ಓದಿ ಹೇಳಿದೆ. "ಒಬ್ಬನ ಕೂಡಬ್ಯಾಡ ಅನ್ನು. ಸಂಜೀಮುಂದ ಕೈಗೆ ಕೆಲಸ ಇರ್ಲಿ ಅನ್ನು" ಅಂದರು. ನಮ್ಮೂರಿಗೆ ಬರುವುದಾದರೆ ಬನ್ನಿ, ಮಾತಾಡುತ್ತಾರಂತೆ.

ಮಸ್ಕಿ ಮೇಷ್ಟ್ರು

ಎತ್ತಿನ ಮಾತು ಓದಿ ಕಣ್ಣು ತುಂಬಿತು. ನಿಮ್ಮಪ್ಪನಿಗೆ ಬಿಡುವಾದಾಗ ಮಸ್ಕಿಗೆ ಕರೆದುಕೊಂಡು ಬನ್ನಿ. ಬಂಡೆ ನಾನೇ ತೋರಿಸುತ್ತೇನೆ, ಊಟ ನಮ್ಮ ಮನೆಯಲ್ಲಿ.

ಸಿರುಗುಪ್ಪದಿಂದ

ನಿನ್ನೆ 14416ಗೆ ಕರೆ ಮಾಡಿದೆ. ಅರ್ಧ ಗಂಟೆ ಮಾತಾಡಿದರು. ಮನೆಯಲ್ಲಿ ಒಬ್ಬನೇ ನಿಲ್ಲಿಸಬೇಡ, ಮೊದಲು ಆಸ್ಪತ್ರೆಗೆ ತೋರಿಸು ಅಂದರು. ಬುಧವಾರ ಬಳ್ಳಾರಿಗೆ ಹೋಗುತ್ತಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ. ಅಣ್ಣನಿಗೆ ಹೇಳಿದೆ, ಅವನೂ ಜೊತೆಗೆ ಬರುತ್ತಾನೆ.